ಮುತ್ತಿಯ ಅಂಗಳ ಗುಡಿಸಿದವರು

ಸುಮಿತ್ರಾ ಮಕ್ಕಳ ಸೇವಾ ಪುಸ್ತಕಗಳಿಗೆ ಸೀಲು ಒತ್ತುತ್ತಿದ್ದಳು. ಹತ್ತನೇ ತರಗತಿಯವರೆಲ್ಲ ಇಪ್ಪತ್ತು ಗಂಟೆ ಸಮಾಜಸೇವೆ ಮಾಡಲೇಬೇಕು ಎಂಬುದು ಕೋಟೆ ಪಟ್ಟಣದ ಆ ಹೈಸ್ಕೂಲಿನ ಹೊಸ ನಿಯಮ. ಹದಿನೇಳನೇ ಪುಸ್ತಕದಲ್ಲಿ, ಮಕ್ಕಳು ಹೋಗಿದ್ದ ಕಾಡಂಚಿನ ಆದಿವಾಸಿ ಹಾಡಿಯವರ ಸಹಿ ಇರಲಿಲ್ಲ. ಹದಿನೆಂಟರಲ್ಲೂ...

"ನಾನೇ ಆಕ್ಲಿಲ್ಲ ಮೇಡಂ."

ಬಾಗಿಲಲ್ಲಿ ನಿಂತಿದ್ದವನು ದೇವರಾಜ. ಹಾಡಿಯ ಮಕ್ಕಳಿಗೆ ಸಂಜೆ ಪಾಠ ಹೇಳುವವನು, ಅದೇ ಹಾಡಿಯವನು. ಅವಳು ಹೆಸರು ಮಾತ್ರ ಕೇಳಿದ್ದಳು. ಅವನ ಕಣ್ಣಲ್ಲಿ ಸಿಟ್ಟಿತ್ತು.

"ಮಕ್ಕಳು ಕೆಲಸ ಮಾಡಿದ್ದಾರೆ. ಫೋಟೊ ಇದೆ."

"ಐತೆ. ಮುತ್ತಿ ಮನೆ ಮುಂದೆ ಪೊರಕೆ ಇಡ್ಕಂಡು ನಿಂತವ್ರೆ. ಅವ್ಳೂ ನಿಮ್ ಕ್ಲಾಸೇ ಅಲ್ವಾ? ಬಾಗ್ಲಾಕ್ಕಂಡು ಒಳಗ್ ಕೂತಿದ್ಲು. ಬೇಕಂತ್ಲೇ ಅಲ್ಲಿಗ್ ಕಳ್ಸಿದ್ರಾ?"

ಮುತ್ತಿ ಎಂಟು ದಿನದಿಂದ ಶಾಲೆಗೆ ಬಂದಿರಲಿಲ್ಲ. ಯಾರು ಎಲ್ಲಿಗೆ ಹೋಗಬೇಕೆಂಬ ಪಟ್ಟಿ ಮಾಡಿದ್ದು ಸುಮಿತ್ರಾಳೇ. ಮುತ್ತಿಯ ವಿಳಾಸ ನೋಡಿರಲಿಲ್ಲ.

ನಾಚಿಕೆಯಾಗಬೇಕಿತ್ತು... ಏನೂ ಆಗಲಿಲ್ಲ. ಗಂಡ ತೀರಿಕೊಂಡ ನಾಲ್ಕು ವರ್ಷದಿಂದ ಹೀಗೇ.

"ನೋಡಲಿಲ್ಲ," ಎಂದಳು. "ಇತ್ತೀಚೆಗೆ ನಾನು ಏನನ್ನೂ ನೋಡೋದಿಲ್ಲ."

ಅವನು ಬಾಗಿಲು ಬಿಟ್ಟು ಒಳಗೆ ಬಂದ. ದನಿ ಇಳಿದಿತ್ತು. "ಅಂಗಾದ್ರೆ ಬಂದ್ ನೋಡಿ."

ಶನಿವಾರ ಹೋದಳು. ಮುತ್ತಿಯ ಅಜ್ಜಿ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು.

"ಕಸ ಗುಡ್ಸಾಕ್ ಬಂದ್ರಾ ಮೇಡಮ್ಮಾರೆ? ಇವತ್ ನಾನೇ ಗುಡ್ಸಿಬುಟ್ಟೆ ಕಣವ್ವ. ಕುಂತ್ಕಳಿ."

ದೇವರಾಜ ಮುಖ ಆಚೆ ತಿರುಗಿಸಿ ನಕ್ಕ.

ಸುಮಿತ್ರಾ ಮುಚ್ಚಿದ ಬಾಗಿಲಿಗೇ ಹೇಳಿದಳು. "ಮುತ್ತಿ, ತಪ್ಪು ನಂದು. ನಿನ್ನ ಮನೆ ಅಂತ ಗೊತ್ತಿದ್ದಿದ್ದರೆ..."

"ಬೇರೇವ್ರ ಮನೆ ಆಗಿದ್ರೆ ಪರ್ವಾಗಿಲ್ವಾ ಮಿಸ್?"

ಸುಮಿತ್ರಾ ಜಗಲಿಯಲ್ಲಿ ಅಜ್ಜಿಯ ಪಕ್ಕ ಕುಳಿತಳು.

ಸೋಮವಾರ ಮುಖ್ಯೋಪಾಧ್ಯಾಯ ವೀರಭದ್ರಸ್ವಾಮಿಯವರ ಎದುರು ನಿಂತಳು. "ಕಡ್ಡಾಯ ಬೇಡ ಸರ್. ಮಾಡೋ ಮನಸ್ಸಿರೋರು, ಕರೆದವರ ಮನೆಗೆ ಹೋಗಲಿ." ಅವರು ಗೊಣಗಿಕೊಂಡೇ ಒಪ್ಪಿದರು.

ಮುತ್ತಿಗೆ ತಪ್ಪಿದ ಪಾಠಗಳನ್ನು ಹೇಳಿಕೊಡಲು ಮತ್ತೆ ಮೂರು ಶನಿವಾರ ಹಾಡಿಗೆ ಹೋದಳು. ಅಷ್ಟರಲ್ಲಿ ಮುತ್ತಿ ಶಾಲೆಗೂ ಬರತೊಡಗಿದ್ದಳು.

ಪಾಠ ಮುಗಿದ ಕೊನೆಯ ಶನಿವಾರ ದೇವರಾಜ ರಸ್ತೆಯವರೆಗೂ ಜೊತೆಗೆ ನಡೆದ.

"ಇನ್ ನಿಮ್ಗೆ ಇಲ್ಲಿ ಕೆಲ್ಸ ಇಲ್ಲ."

"ಹೌದು."

"ಕೆಲ್ಸ ಇಲ್ದೆ ಬಂದ್ರೆ... ನಂಗಿಷ್ಟ. ನಿಮ್ಮನ್ ಕಂಡ್ರೂ ಇಷ್ಟ."

ಅವಳು ಕಾದಳು, ಎದೆಯಲ್ಲಿ ಏನಾದರೂ ಅಲುಗೀತೆಂದು. ಇಲ್ಲ.

"ಜನ ಸುಮ್ಮನಿರಲ್ಲ ದೇವರಾಜ್."

"ನಮ್ಮೋರೂ ಇರಾಕಿಲ್ಲ."

"ನನ್ನಲ್ಲಿ ಕೊಡೋದಕ್ಕೆ ಏನೂ ಉಳಿದಿಲ್ಲ."

"ಕೇಳ್ಲಿಲ್ವಲ್ಲ ನಾನು. ಬಂದ್ ಕೂತ್ಕಳಿ, ಸಾಕು."

ಬಸ್ಸು ಬಂತು. ಅವನು ನಿಂತಿದ್ದ ಕಡೆಯ ಕಿಟಕಿಗೇ ತಾನು ಕುಳಿತಿರುವುದು ಅವಳಿಗೆ ತಿಳಿದದ್ದು ಎರಡು ಊರು ದಾಟಿದ ಮೇಲೆ.

"ಇನ್ ಶನಿವಾರ ಮನೇಲೇ ಇರ್ತೀಯ ಅಲ್ವೇನವ್ವ?" ಸಂಜೆ ಅಡುಗೆಮನೆಯಲ್ಲಿ ಅವಳ ಗಂಡನ ತಾಯಿ ಕೇಳಿದರು.

ಸುಮಿತ್ರಾ ಸಾರಿಗೆ ಉಪ್ಪು ಹಾಕಿ, ರುಚಿ ನೋಡಿ, ಇನ್ನೊಂದು ಚಿಟಿಕೆ ಹಾಕಿದಳು. ಶನಿವಾರ ಹತ್ತೂವರೆಯ ಬಸ್ಸಿಗೆ ಹಾಡಿಗೆ ಹೋಗುವುದೆಂದು ಆಗಲೇ ತೀರ್ಮಾನಿಸಿದ್ದಳು.

"ತಟ್ಟೆ ಹಾಕಲಾ ಅತ್ತೆ?" ಎಂದಳು.