ಎರಡು ಕೆಮ್ಮು

ಸಾವಿರ ದೆವ್ವದ ಸಿನಿಮಾ ನೋಡಿದ ಗಟ್ಟಿ ಗುಂಡಿಗೆ ನನ್ನದು. ಅರ್ಧ ಸುಳ್ಳು ಅಂತಲೇ ಇಟ್ಟುಕೋ ಮೊಮ್ಮಗಳೇ. ಟಾಕೀಸಿನಲ್ಲಿ ರೀಲು ಓಡಿಸುತ್ತಿದ್ದ ನಿನ್ನ ತಾತ ಮಹಾ ಪುಕ್ಕಲು. ಹೆದರಿಸುವ ಜಾಗ ಬಂದರೆ ಕಣ್ಣು ಮುಚ್ಚುವರು. ಅದು ಮುಗಿದ ಮೇಲೆ ಹಿಂದಿನ ಸಾಲಿನಿಂದ ನಾನು ಎರಡು ಸಲ ಕೆಮ್ಮಬೇಕು; ಆಗ ಕಣ್ಣು ಬಿಟ್ಟು ರೀಲು ಬದಲಿಸುವರು.

ಅವರು ತೀರಿಕೊಂಡ ಮರುತಿಂಗಳು ಹಳೇ ದೆವ್ವದ ಸಿನಿಮಾವೊಂದು ಮತ್ತೆ ಬಂತು. ಮಧ್ಯಾಹ್ನದ ಆಟದಲ್ಲಿ ಹೆದರಿಸುವ ಜಾಗ ಮುಗಿದಾಗ ಅಭ್ಯಾಸಬಲದಿಂದ ಎರಡು ಸಲ ಕೆಮ್ಮಿದೆ. ರೀಲು ಬದಲಾಯಿತು. ಯಾರಪ್ಪಾ ಇದು ಅಂತ ಹೊರಗೆ ಬಂದರೆ, ರೀಲು ಓಡಿಸುವ ಹೊಸ ಆಪರೇಟರ್ ಚಹಾ ಲೋಟ ಹಿಡಿದು ಓಡಿ ಬರುತ್ತಿದ್ದ.

“ರೀಲು ಮುಗಿದೋಯ್ತಾ ಅಕ್ಕ? ಪ್ರೊಜೆಕ್ಟರ್ ರೂಮಿಗೆ ಬೀಗ ಹಾಕಿ ಬಂದಿದ್ದೆ. ನನ್ನ ಕೆಲಸ ಹೋಯ್ತು.”

“ಚೆನ್ನಾಗೇ ಓಡ್ತಿದೆಯಲ್ಲೋ.”

ಇಬ್ಬರೂ ಮೇಲೆ ಹತ್ತಿದೆವು. ಬೀಗ ಹಾಗೇ ಇತ್ತು, ಮುಟ್ಟಿದರೆ ಮಂಜಿನಷ್ಟು ತಣ್ಣಗೆ. ಅವನು ಕೀಲಿ ತಿರುಗಿಸುವಾಗ ನಾನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ.

ಒಳಗಿನಿಂದ ಯಾರೋ ಎರಡು ಸಲ ಕೆಮ್ಮಿದರು.

ನಾನು ಕಣ್ಣು ಬಿಟ್ಟೆನೋ ಇಲ್ಲವೋ, ನೀನೇ ಹೇಳು ನೋಡೋಣ.