ಹಾಡು ಮುಗಿದ ಮೇಲಿನ ಸದ್ದು

"ತಿರುಗಬೇಡ ಮತ್ತೆ," ಎಂದ ಶಶಿಕಾಂತ್. "ಸ್ಕ್ರೀನಲ್ಲಿ ಹೆಸರು ನೋಡಿದ್ರೆ ದುಬಾರಿದೇ ಚೆನ್ನಾಗಿ ಕೇಳ್ಸುತ್ತೆ."

ನಾನು ತಿರುಗಲಿಲ್ಲ. ಕಂಪ್ಯೂಟರಿಗೆ ಬೆನ್ನು ಹಾಕಿ, ಹೆಡ್‌ಫೋನ್ ತೊಟ್ಟು, ಗೋಡೆಗೆ ಪೇರಿಸಿದ್ದ ಖಾಲಿ ಗೋಣಿಚೀಲಗಳನ್ನೇ ನೋಡುತ್ತ ಕೂತೆ.

ಚಳ್ಳಕೆರೆಯಲ್ಲಿ ನಿಂತುಹೋದ ಎಣ್ಣೆ ಮಿಲ್ಲೊಂದರ ಮಾಳಿಗೆ ಅದು. ಅವನ ತಾತನ ಮಿಲ್ಲು. ದನಿ ಗೋಡೆಗೆ ಬಡಿದು ಮರಳದಿರಲೆಂದು ಸುತ್ತಲೂ ಚೀಲ ಜೋಡಿಸಿ, ಅದನ್ನೇ ಸ್ಟುಡಿಯೋ ಎಂದು ಕರೆಯುತ್ತಿದ್ದ. ಎಷ್ಟು ಗುಡಿಸಿದರೂ ಶೇಂಗಾ ಹಿಂಡಿಯ ವಾಸನೆ ಹೋಗಿರಲಿಲ್ಲ. ನನ್ನ ದುಪಟ್ಟಾಕ್ಕೂ ಅಂಟುತ್ತಿತ್ತು. ರೂಮಿಗೆ ಹೋದ ಮೇಲೆ ಅದನ್ನು ಒಗೆಯದೆ ಇಟ್ಟುಕೊಳ್ಳುತ್ತಿದ್ದೆ.

ಚೀಲಗಳ ನಡುವೆ ಅಂಗೈಯಷ್ಟು ಕನ್ನಡಿ ಸಿಕ್ಕಿಸಿದ್ದ. "ಯಾವುದು ಹಿಡಿಸ್ತು ಅಂತ ನಿನ್ನ ಮುಖಾನೇ ಹೇಳುತ್ತೆ. ಬಾಯಿ ಬಿಡೋಕೆ ನೀನು ಅರ್ಧ ದಿನ ತಗೋತೀಯ." ಆ ಕನ್ನಡಿಯಲ್ಲಿ ಅವನೂ ನನಗೆ ಕಾಣುತ್ತಾನೆಂಬುದು ಅವನಿಗೆ ಗೊತ್ತಿತ್ತು.

ಒಂದೇ ಹಾಡನ್ನು ಎರಡು ಬಗೆಯಲ್ಲಿ ಕೇಳಿಸುತ್ತಿದ್ದ: ಕುರ್ಚಿಯ ಬೆನ್ನಿಗೆ ಒಮ್ಮೆ ಬೆರಳು ತಟ್ಟಿದರೆ ಎ, ಎರಡು ಸಲ ತಟ್ಟಿದರೆ ಬಿ. ಬೆರಳು ಆಗಾಗ ದಾರಿ ತಪ್ಪಿ ನನ್ನ ಜಡೆಗೆ ತಾಕುತ್ತಿತ್ತು.

"ಇದು ಎನಾ, ಬಿನಾ?"

"ಇದು ಜಡೆ," ಎಂದೆ.

ಕನ್ನಡಿಯಲ್ಲಿ ಅವನ ಕಣ್ಣು ಮೊದಲು ನಕ್ಕಿತು, ತುಟಿ ಆಮೇಲೆ.

ನಮ್ಮ ಪರಿಚಯವಾದದ್ದು ಜಗಳದಿಂದ. 2006ರಲ್ಲಿ, ನಾನು ಕನ್ನಡ ಪಾಠ ಹೇಳುತ್ತಿದ್ದ ಶಾಲೆಗೆ ಮಕ್ಕಳ ಪ್ರಾರ್ಥನೆ ರೆಕಾರ್ಡ್ ಮಾಡಲು ಬಂದಿದ್ದ. ಸಿ.ಡಿ. ಕೇಳಿ, "ಹಿಂದೆ ಸಣ್ಣಗೆ ಕುಯ್ ಅಂತಿದೆ" ಎಂದೆ. "ಅದು ನಿಮ್ಮ ಕಿವೀಲಿರ್ಬೇಕು ಟೀಚರ್" ಎಂದು ಎದ್ದು ಹೋದ. ಮರುದಿನ ಗೇಟಿನ ಬಳಿ ನಿಂತಿದ್ದ.

"ಯುಪಿಎಸ್ ಸದ್ದಂತೆ. ಕಂಪ್ಯೂಟರ್ ಅಂಗಡಿಯವನಿಗೂ ಕೇಳಿಸ್ತು. ನಂಗೆ ಕೇಳ್ಸಲ್ಲ ರೀ."

ಮಿಲ್ಲಿನ ಯಂತ್ರಗಳ ನಡುವೆ ಬೆಳೆದವನು. ಸಣ್ಣ, ಹರಿತವಾದ ಸದ್ದುಗಳು, ದೂರದ ಮೆಲುಮಾತು ಅವನ ಕಿವಿಗೆ ಬೀಳುತ್ತಿರಲಿಲ್ಲ. ಡಾಕ್ಟರು ಇದು ವಾಪಸು ಬರುವುದಿಲ್ಲ ಎಂದಿದ್ದರಂತೆ. ಹೇಳುವಾಗ ಅವನು ಗೇಟಿನ ಸರಳು ಹಿಡಿದುಕೊಂಡಿದ್ದ. ನನ್ನ ಮನಸ್ಸು ಅಲ್ಲೇ ಸೋತಿತು.

ಮೊಳಕಾಲ್ಮೂರು ಹತ್ತಿರದ ಸಿದ್ದಾಪುರ ನಮ್ಮೂರು. ನನ್ನ ಅಜ್ಜಿ ಕಾಟಮ್ಮ, ಕಾವಲಿನಲ್ಲಿ ದನ ಮೇಯಿಸುತ್ತ ಕಲಿತ ಪದಗಳನ್ನು ಹಾಡುತ್ತಿದ್ದಳು. ಒಮ್ಮೆ ಕೇಳಿದ ಶಶಿಕಾಂತ್ ಬಿಡಲೇ ಇಲ್ಲ. "ಇದನ್ನ ಸಿ.ಡಿ. ಮಾಡೋಣ ರಶ್ಮಿತಾ. ನಾನು ಕೆಲಸಕ್ಕೆ ಬಾರದೋನಲ್ಲ ಅಂತ ಮನೇಲಿ ಗೊತ್ತಾಗ್ಲಿ. ಸಿ.ಡಿ. ಕೈಗೆ ಬಂದ ದಿನ ಅವ್ವನ ಹತ್ರ ನಮ್ಮ ವಿಷಯ ಹೇಳ್ತೀನಿ."

"ಹೇಳಿ."

"ಅಲ್ಲೀವರೆಗೂ ಹೇಳಿ, ಬನ್ನಿ, ಹೋಗಿ ಅಂತಾನೇ ಇರ್ತೀಯಾ?"

"ಅವತ್ತು ನೀನು ಅಂತೀನಿ."

ಅಷ್ಟರಲ್ಲಿ ಅಪ್ಪ ಕ್ಯಾತಪ್ಪ ರಾಯದುರ್ಗದ ಕಡೆಯ ಮೇಷ್ಟರೊಬ್ಬರ ಸಂಬಂಧ ತಂದ. "ಬ್ಯಾಡ ಅಂದ್ರೆ ಬ್ಯಾಡ ಅನ್ನು. ಯಾಕೆ ಅಂತ ಹೇಳು, ಅಷ್ಟೇ." ಭಾನುವಾರದೊಳಗೆ ಉತ್ತರ ಹೇಳಬೇಕಿತ್ತು. ಆ ಯಾಕೆ ಈ ಮಾಳಿಗೆಯಲ್ಲಿ, ನನ್ನ ಬೆನ್ನ ಹಿಂದೆ ಕೂತಿತ್ತು.

ಹಾಡುಗಳ ರೆಕಾರ್ಡಿಂಗ್ ಮುಗಿದಿತ್ತು. ಕರೆಂಟು ನಂಬುವಂತಿರಲಿಲ್ಲ, ಯುಪಿಎಸ್ ಹಾಕಲೇಬೇಕು. ಅದರ ಕುಯ್ ಸದ್ದನ್ನು ಒಂದೊಂದು ಹಾಡಿನಿಂದಲೂ ನಾನು ಕೇಳಿ ಹೇಳಿ ತೆಗೆಸಬೇಕಿತ್ತು. ಅಜ್ಜಿಗೆ ಇಷ್ಟದ್ದೆಂದು ಕೊನೆಯ ಹಾಡಿನಿಂದ ಶುರು ಮಾಡಿ, ಅದೊಂದರ ಸದ್ದು ತೆಗೆದು ಮುಗಿಸಿದ್ದೆವು. ಮಲ್ಲಿಕ್ ಎಂಬ ಗೆಳೆಯ, ಕಂಪ್ಯೂಟರಿನಲ್ಲಿ ದನಿ ತಿದ್ದುವ ದುಬಾರಿ ಪ್ಲಗ್‌ಇನ್‌ಗಳನ್ನು ಪುಕ್ಕಟೆ ಕಾಪಿ ಮಾಡಿಕೊಡುತ್ತೇನೆಂದಿದ್ದ. ಶಶಿಕಾಂತ್ ಒಪ್ಪಲಿಲ್ಲ. "ಅಜ್ಜಿ ಪದಕ್ಕೆ ಕದ್ದಿದ್ದು ಬೇಡ."

ದನಿಗೆ ಮಾರ್ದನಿ ಕೂಡಿಸುವ ರಿವರ್ಬ್ ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಕ್ಕಿತು. ಹಾಕಿದರೆ ಅಜ್ಜಿ ಬಾವಿಯೊಳಗೆ ಕೂತು ಹಾಡಿದಂತಿತ್ತು. ತೆಗೆಸಿದೆ. "ಅಜ್ಜಿ ಹಾಡಿದ್ದು ಬಯಲಲ್ಲಿ. ಬಯಲಿಗೆ ಗೋಡೆ ಎಲ್ಲಿರುತ್ತೆ?"

ಕೊಳ್ಳಬೇಕಾಗಿದ್ದದ್ದು ಲಿಮಿಟರ್ ಒಂದನ್ನೇ. ಜೋರು ದನಿಯನ್ನು ಅದುಮಿ ಹಿಡಿದು, ಸಣ್ಣ ದನಿಯನ್ನು ಮೇಲಕ್ಕೆತ್ತುವ ಪ್ಲಗ್‌ಇನ್ ಅದು. ಅವನ ಕೈಗೆಟುಕುವಂಥವು ಎರಡಿದ್ದವು. ಎರಡರ ಡೆಮೊ ಇಳಿಸಿಕೊಂಡು ನನ್ನನ್ನು ಚೀಲಗಳ ಮುಂದೆ ಕೂರಿಸಿದ್ದ.

ಒಂದು ತಟ್ಟು. ಎ.

ಅಜ್ಜಿ ಪಕ್ಕಕ್ಕೇ ಬಂದು ಕೂತಳು. ಎಲೆ ಅಡಿಕೆ ಜಗಿದ ಬಾಯಿಯ ತೇವವೂ ಕೇಳಿಸಿತು. ಪದ ಮುಗಿಯಿತು, ಒಂದು ಉಸಿರು. ಆಮೇಲೆ ನನ್ನದೇ ದನಿ: "ಬಾರಜ್ಜಿ, ಬಸ್ಸಿಗೆ ಹೊತ್ತಾತು." ಬಾಗಿಲು ಕಿರುಗುಟ್ಟಿದ ಸದ್ದು. ಅವತ್ತು ಅವನು ನಮ್ಮನ್ನು ಮೆಟ್ಟಿಲವರೆಗೆ ಬಿಡಲು ಬಂದಿದ್ದ. ರೆಕಾರ್ಡಿಂಗ್ ನಿಲ್ಲಿಸಲು ಮರೆತಿದ್ದನೆಂದು ಕಾಣುತ್ತದೆ.

ಲಿಮಿಟರ್ ಈಗ ಆ ಖಾಲಿ ಕೋಣೆಯನ್ನು ಮೇಲಕ್ಕೆತ್ತಿತು. ಫ್ಯಾನು. ಬೀದಿಯ ಆಟೋ. ಅವನು ಮರಳಿ ಬಂದ ಹೆಜ್ಜೆ. ಬಳೆಯ ಸದ್ದು. ಬಾಗಿಲ ಬಳಿ ತಗ್ಗಿದ ದನಿಯೊಂದು. ಅವನ ತಾಯಿ ತಿಪ್ಪೇರುದ್ರಮ್ಮನವರದು.

"ಆ ಮುದುಕಿ ಕುಡಿದ ಲೋಟ ಹೊರಗಿಟ್ಟೀನಿ. ಆ ಹುಡ್ಗಿ ಯಾಕೆ ದಿನಾ ಬರ್ತಾಳೆ? ಅವರು ಯಾರು, ನಾವು ಯಾರು? ತಲೆ ನೆಟ್ಟಗೈತಾ ನಿಂಗೆ?"

"ಮೆಲ್ಲಗೆ ಮಾತಾಡವ್ವ. ಅವಳ ಕಿವಿ ಬೇಕು ನಂಗೆ, ಅಷ್ಟೇ. ಸಿ.ಡಿ. ಮುಗೀಲಿ. ಆಮೇಲೆ ನೀನು ತೋರಿಸಿದೋಳ್ಗೇ ತಾಳಿ ಕಟ್ತೀನಿ."

"ಮಾತು ಕೊಡು."

"ಕೊಟ್ಟೆ."

ಕನ್ನಡಿಯಲ್ಲಿ ಅವನು ನನ್ನನ್ನೇ ನೋಡುತ್ತಿದ್ದ. ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದ. "ಏನಾತು? ಹುಬ್ಬು ಗಂಟಾಗೈತೆ."

"ಬಿ ಹಾಕಿ."

ಎರಡು ತಟ್ಟು. ಬಿಯಲ್ಲಿ ಅಜ್ಜಿಯ ದನಿ ಒರಟಾಗಿತ್ತು. ಕೊನೆಯ ಮಾತುಗಳು ತುಂಡು ತುಂಡು. ಲೋಟ ಕೇಳಿಸಲಿಲ್ಲ, ತಾಳಿ ಕೇಳಿಸಿತು.

"ಇನ್ನೊಂದ್ಸಲ ಎ."

ಪರೀಕ್ಷೆಯ ಪತ್ರಿಕೆ ತಿದ್ದುವಾಗ ಅನುಮಾನವಿದ್ದರೆ ಮಗುವಿನ ಪರವಾಗಿ ಮತ್ತೊಮ್ಮೆ ಓದುತ್ತೇನೆ. ಹಾಗೆ ಕೇಳಿದೆ. ಅನುಮಾನ ಉಳಿಯಲಿಲ್ಲ.

"ಯಾವುದು ತಗೊಳ್ಳಲಿ?"

"ಎ. ಅದರಲ್ಲಿ ಎಲ್ಲಾ ಸ್ಪಷ್ಟವಾಗಿದೆ."

"ನನ್ನ ಬಂಗಾರದ ಕಿವಿ," ಎಂದು ಮೆಲ್ಲಗೆ ಹಿಂಡಿದ. "ಈಗ ಎಲ್ಲಿ ಕಟ್ ಮಾಡ್ಲಿ ಹೇಳು. ಹಾಡು ಮುಗಿದ್ಮೇಲೆ ನಂಗೇನೂ ಕೇಳ್ಸಲ್ಲ. ಹಂಗೇ ಬಿಟ್ರೂ ನಡೀತೈತೆ."

ಬಿಡಿ ಎಂದರೆ ಬಿಡುತ್ತಿದ್ದ. ಆ ಮಾತು ಪ್ರತಿಯೊಂದು ಸಿ.ಡಿ.ಯಲ್ಲಿ ಊರೂರಿಗೆ ಹೋಗುತ್ತಿತ್ತು. ಬಾಯಿ ತನಕ ಬಂದಿತ್ತು ನನಗೆ. ಆದರೆ ಸಿದ್ದಾಪುರದಲ್ಲಿ ನಮ್ಮನೆಯ ನಡುಮನೆಯಲ್ಲೂ ಆ ಸಿ.ಡಿ. ಹಾಡುವುದಿತ್ತು, ಅಜ್ಜಿ ಎದುರಿಗೇ ಕೂತು ಕೇಳುವವಳಿದ್ದಳು. ಅವತ್ತು ಆ ಲೋಟದ ನೀರು ಕುಡಿದು, "ತಣ್ಣಗಿತ್ತು, ತಾಯಿ" ಎಂದು ಹರಸಿ ಬಂದವಳು.

"ಇಲ್ಲಿ," ಎಂದೆ, ಉಸಿರು ನಿಂತ ಜಾಗದಲ್ಲಿ.

ಅವನು ಕತ್ತರಿಸಿದ. ಸೇವ್ ಮಾಡಿದ. ನಾನು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡೆ.

"ಆಮೇಲೆ ನಿಮ್ಮ ಅವ್ವ ಬಂದಿದ್ರಲ್ಲ, ಬಾಗಿಲ ಹತ್ರ."

ಕನ್ನಡಿಯಲ್ಲಿ ಅವನ ಕೈ ಮೌಸಿನ ಮೇಲೆ ನಿಂತಿತು. ಅವನಿಗೆ ಕೇಳಿಸಿರಲಿಲ್ಲ. ನೆನಪಿತ್ತು.

"ಅವ್ವನ ಸುಮ್ನಿರ್ಸೋಕೆ ಅಂದಿದ್ದು ಕಣೇ."

"ಇರಬಹುದು." ನಂಬಲು ನನಗೆ ಬಹಳ ಆಸೆಯಿತ್ತು. "ಅವರು ಈಗ ಕೆಳಗೇ ಇದಾರೆ. ಹೋಗಿ ನಮ್ಮ ವಿಷಯ ಹೇಳಿ. ನಾನು ಇಲ್ಲೇ ಕೂತಿರ್ತೀನಿ."

ಅವನು ಬಾಗಿಲು ನೋಡಿದ. ಆಮೇಲೆ ಸ್ಕ್ರೀನ್ ನೋಡಿದ.

"ಇನ್ನೂ ಅಷ್ಟೂ ಹಾಡು ಬಾಕಿ ಐತಲ್ಲ ರಶ್ಮಿತಾ. ಅದೊಂದು ಮುಗೀಲಿ..."

ಕನ್ನಡಿಯ ಕಡೆ ಮಾತ್ರ ನೋಡಲಿಲ್ಲ.

ನಾನು ಬ್ಯಾಗು ತೆಗೆದುಕೊಂಡೆ. "ಆ ಕನ್ನಡಿ ತೆಗೆದುಬಿಡಿ," ಎಂದೆ. "ಚೀಲ ಸರಿಯಾಗಿ ಕೂರುತ್ತೆ."

ಕೆಳಗೆ ತಿಪ್ಪೇರುದ್ರಮ್ಮ ನಗುತ್ತ ಎದುರಾದರು. "ಹೊರಟ್ಯೇನಮ್ಮ? ಕಾಫಿಗಿಟ್ಟಿದ್ದೆ."

"ಬೇಡಿ ಅಮ್ಮಾ. ಇನ್ನೊಂದು ಲೋಟ ಹೊರಗಿಡೋ ಕೆಲಸ ನಿಮಗ್ಯಾಕೆ."

ಅವರ ನಗು ಮುಖದಲ್ಲೇ ಉಳಿಯಿತು, ಇಳಿಸುವುದು ಹೇಗೆಂದು ತಿಳಿಯದೆ.

ಭಾನುವಾರ ಅಪ್ಪನಿಗೆ ಹೂಂ ಎಂದೆ. ಯಾಕೆ ಎಂದು ಅವನು ಕೇಳಲಿಲ್ಲ. ಹೂಂ ಎಂದಾಗ ಯಾರೂ ಕೇಳುವುದಿಲ್ಲ.

ಮದುವೆಯಾದ ಮರುವರ್ಷ ತವರಿಗೆ ಬಂದಾಗ ಸಿ.ಡಿ. ಬಂದಿತ್ತು. ಹೊದಿಕೆಯ ಮೇಲೆ ಅಜ್ಜಿಯ ಫೋಟೋ. ಅವಳು ಪ್ಲೇಯರಿನ ಮುಂದೆ ಕಾಲು ಚಾಚಿ ಕೂತು, ತನ್ನ ಹಾಡಿಗೆ ತಾನೇ ತಲೆದೂಗುತ್ತಿದ್ದಳು.

ಮೊದಲ ಹಾಡಿನಲ್ಲೇ ಕೇಳಿಸಿತು. ಹಿಂದೆ, ಸಣ್ಣಗೆ, ಕುಯ್. ಎರಡನೆಯದರಲ್ಲೂ ಇತ್ತು. ಮೂರನೆಯದರಲ್ಲೂ. ಅವನಿಗೆ ಹೇಳುವವರು ಯಾರೂ ಸಿಕ್ಕಿರಲಿಲ್ಲ. ಅಥವಾ ಅವನು ಯಾರನ್ನೂ ಕೇಳಿರಲಿಲ್ಲ.

ಕೊನೆಯ ಹಾಡು ಮಾತ್ರ ನೀರಿನಂತೆ ತಿಳಿಯಾಗಿತ್ತು. ಉಸಿರು ನಿಂತಿತು. ನಾನು ಎದ್ದು ಹೋಗಿ ವಾಲ್ಯೂಮ್ ಪೂರ್ತಿ ತಿರುಗಿಸಿದೆ. ಸ್ಪೀಕರಿಗೆ ಕಿವಿ ಹಚ್ಚಿದೆ. ಫ್ಯಾನಿಲ್ಲ, ಬಳೆಯಿಲ್ಲ. ನಾನು ತೋರಿಸಿದ ಜಾಗದಲ್ಲೇ ಕತ್ತರಿಸಿದ್ದ.

"ಅಷ್ಟು ಜೋರು ಯಾಕಿಟ್ಟೀಯೇ?" ಅಂದಳು ಅಜ್ಜಿ. "ಮುಗೀತಲ್ಲ?"

"ಹೂಂ ಅಜ್ಜಿ. ಮುಗೀತು."