ಅಜ್ಜಿಗೆ ಬೇಕಾದ ಕೊಲೆಗಾರ

“ಕೊಲೆಗಾರ ಯಾರು ಅಂತ ಗೊತ್ತಾಗೋವರೆಗೂ ನಾನು ಊಟ ಮಾಡಲ್ಲ,” ಎಂದು ಅಜ್ಜಿ ತಟ್ಟೆಯನ್ನು ಆಚೆ ತಳ್ಳಿದಳು.

ಕಣ್ಣಿನ ಆಪರೇಷನ್ ಆಗಿ ಅಜ್ಜಿ ಓದುವಂತಿರಲಿಲ್ಲ. ಕಪ್ಪು ಕನ್ನಡಕದಲ್ಲಿ ಅವಳೇ ಯಾವುದೋ ಗ್ಯಾಂಗಿನ ಲೀಡರ್ ಥರ ಕಾಣುತ್ತಿದ್ದಳು. ಅವಳಿಗೆ ಪತ್ತೇದಾರಿ ಕಾದಂಬರಿ ಓದಿ ಹೇಳುತ್ತಿದ್ದ ದೊಡ್ಡ ಕಂಪನಿಯ ಆ್ಯಪನ್ನು ಅಮ್ಮ ಆ ಬೆಳಿಗ್ಗೆ ಫೋನಿಂದ ಕಿತ್ತುಹಾಕಿದ್ದಳು. ಅದೂ ಕೊನೆಯ ಅಧ್ಯಾಯ ಶುರುವಾಗುವ ಹೊತ್ತಿಗೆ.

“ಆ ಕಂಪನಿಯವರು ನಿನ್ನ ಚಿಕ್ಕ ಮಗಳ ದನೀನೇ ಕದ್ದಿದಾರೆ,” ಎಂದಳು ಅಮ್ಮ. “ಅವಳ ಹತ್ರ ನಾಲ್ಕಾರು ಪುಸ್ತಕ ಓದಿಸಿ ರೆಕಾರ್ಡ್ ಮಾಡ್ಕೊಂಡು, ಒಂದು ಮಾತೂ ಕೇಳದೆ ಆ ದನೀನ ಮೆಷಿನ್‌ಗೆ ಕಲಿಸಿಬಿಟ್ರು. ಈಗ ಮೆಷಿನ್ನೇ ಓದತ್ತೆ. ಅವಳು ಮನೇಲಿ ಕೂತಿದಾಳೆ.”

“ಮಗಳ ಮೇಲೆ ನನಗೆ ಪ್ರಾಣ ಕಣೇ. ಆದ್ರೆ ಕೊಲೆ ಮಾಡಿದ್ದು ಅಡುಗೆಯವನಾ, ಡಾಕ್ಟರಾ? ಸಂಜೆಯೊಳಗೆ ಗೊತ್ತಾಗ್ದಿದ್ರೆ ಪಕ್ಕದ ಮನೆಯವರ ಕೈಲಿ ಆ್ಯಪ್ ವಾಪಸ್ ಹಾಕಿಸ್ಕೊಳ್ತೀನಿ.”

ಇದನ್ನೆಲ್ಲ ಮೊಮ್ಮಗಳು ಕೇಳಿಸಿಕೊಂಡಳು. ಎಲ್ಲರ ದನಿಯನ್ನೂ ಅಣಕಿಸುತ್ತಿದ್ದ ಅವಳಿಗೆ ಮನೆಯಲ್ಲಿ ‘ರೇಡಿಯೋ’ ಎಂದೇ ಹೆಸರು. ಹಿಂದಿನ ದಿನ ಚಿಕ್ಕಮ್ಮ ಫೋನಿನಲ್ಲಿ ಅತ್ತಿದ್ದೂ ಅವಳಿಗೆ ಕೇಳಿಸಿತ್ತು. ಚಪ್ಪಲಿ ಮೆಟ್ಟಿಕೊಂಡು ಲೈಬ್ರರಿಗೆ ಓಡಿದಳು.

“ಆ ಕಾದಂಬರಿ ಆಡಿಯೋ ನಮ್ಮಲ್ಲೂ ಇದೆ ಪುಟ್ಟಾ. ಮನುಷ್ಯರೇ ಓದಿರೋದು,” ಎಂದರು ಲೈಬ್ರರಿ ಮೇಡಂ. “ಆದ್ರೆ ಒಂದು ಸಲಕ್ಕೆ ಒಬ್ಬರಿಗೇ ಕೊಡೋದು, ಉದ್ದ ಕ್ಯೂ ಇದೆ. ಪುಸ್ತಕ ಬೇಕಾದ್ರೆ ತಗೊಂಡು ಹೋಗು. ನಿಮ್ಮನೇಲಿ ಬಾಯಿ ಇರೋರು ಯಾರಾದ್ರೂ ಇದ್ದಾರಾ?”

ಬಾಯಿಗೆ ಆ ಮನೆಯಲ್ಲಿ ಎಂದೂ ಬರ ಬಂದಿರಲಿಲ್ಲ.

ಪುಸ್ತಕ ತಂದು ರೇಡಿಯೋ ಕೊನೆಯ ಅಧ್ಯಾಯ ಓದಲು ಶುರುಮಾಡಿದಳು. ಇನ್ಸ್‌ಪೆಕ್ಟರಿಗೆ ಗಣಿತದ ಮೇಷ್ಟ್ರ ದನಿ, ಡಾಕ್ಟರಿಗೆ ಮೂಗಿನಲ್ಲೇ ಮಾತಾಡುವ ಬಸ್ ಕಂಡಕ್ಟರ್ ದನಿ, ಅಡುಗೆಯವನಿಗೆ ನೆಗಡಿಯಾದ ಅಪ್ಪನ ದನಿ.

“ನಿಲ್ಸೇ. ಏನಿದು, ಆಮೆ ಓದಿದ ಹಾಗೆ? ಆ್ಯಪಲ್ಲಿ ಆ ಇನ್ಸ್‌ಪೆಕ್ಟರ್ ಬಸ್ಸು ತಪ್ಪಿಹೋಗತ್ತೆ ಅನ್ನೋ ಥರ ಮಾತಾಡ್ತಿದ್ದ.”

ಅಡುಗೆಮನೆಯಿಂದ ಅಮ್ಮ ನಕ್ಕಳು. “ನಿನ್ನ ಬೆರಳು ತಾಗಿ ಸ್ಪೀಡ್ ಡಬಲ್ ಆಗಿತ್ತು ಅಮ್ಮ. ಮೊದಲಿಂದ ಹಾಗೇ ಕೇಳಿದೀಯ.”

ಅಜ್ಜಿ ಯೋಚಿಸಿದಳು. “ಅದಕ್ಕೇ ಅನ್ಕೊಂಡೆ, ಕತೇಲಿ ಆ ಹುಡುಗಿ ಮದುವೆಗೆ ಅಷ್ಟು ಬೇಗ ಹೇಗೆ ಒಪ್ಕೊಂಡ್ಲು ಅಂತ. ಸರಿ, ಮೆಲ್ಲಗೇ ಓದು.” ತಟ್ಟೆಯನ್ನು ಹತ್ತಿರ ಎಳೆದುಕೊಂಡಳು.

ಓದಿ ಓದಿ ರೇಡಿಯೋಳ ಗಂಟಲು ಒಣಗಿತು. ಅಪ್ಪನ ನೆಗಡಿ ಇನ್ಸ್‌ಪೆಕ್ಟರಿಗೂ ಅಂಟಿತು, ಡಾಕ್ಟರಿಗೂ ಅಂಟಿತು. ಚಿಕ್ಕಮ್ಮ ಇಡೀ ಪುಸ್ತಕಗಳನ್ನೇ ಹೀಗೆ ಓದಿದ್ದಳಲ್ಲ. ರೇಡಿಯೋ ನೀರು ಕುಡಿದು ಮುಂದುವರಿಸಿದಳು.

ಇನ್ಸ್‌ಪೆಕ್ಟರ್ ಎಲ್ಲರನ್ನೂ ಸಾಲಾಗಿ ಕೂರಿಸಿ ಬೆರಳೆತ್ತಿದ. “ಕೊಲೆ ಮಾಡಿದವರು ಬೇರೆ ಯಾರೂ ಅಲ್ಲ…”

ಗೊರ್ ಎಂದು ಗೊರಕೆ ಕೇಳಿಸಿತು. ಅಜ್ಜಿ ನಿದ್ದೆ ಹೋಗಿದ್ದಳು.

ರೇಡಿಯೋ ಪುಟದ ಅಂಚು ಹಿಡಿದಳು. ಮಗುಚಿದರೆ ಸಾಕು, ಕೊಲೆಗಾರ ಅಲ್ಲೇ ಕೂತಿದ್ದಾನೆ. ಆ್ಯಪ್ ಆಗಿದ್ದರೆ ಅಜ್ಜಿಯ ಗೊರಕೆಗೇ ಕತೆ ಹೇಳಿ ಮುಗಿಸಿಬಿಡುತ್ತಿತ್ತು.

ಅವಳು ಪುಟಗಳ ನಡುವೆ ಬೆರಳಿಟ್ಟು ಪುಸ್ತಕ ಮುಚ್ಚಿದಳು. ಅಜ್ಜಿ ಏಳುವುದನ್ನೇ ಕಾಯುತ್ತ ಕೂತಳು.